ಸೋರುವ ಸೂರಿಗೆ ಊರೆಲ್ಲ ವಂತಿಗೆ: ಸಫೋಕ್‌ನ ಹಳೇ ಚರ್ಚುಗಳಲ್ಲಿ

ಇಂಗ್ಲೆಂಡಿನ ಪೂರ್ವ ಕರಾವಳಿಯ ಸಫೋಕ್‌ನಲ್ಲಿ ಚರ್ಚುಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಹೊಲಗಳಾಚೆ ಒಂದು ಗೋಪುರ ಕಾಣುತ್ತದೆ, ಅದು ಮರೆಯಾಗುವ ಮೊದಲೇ ಇನ್ನೊಂದು. ಮಧ್ಯಯುಗದ ಚರ್ಚುಗಳೇ ಇಲ್ಲಿ ಸುಮಾರು 500 ಇವೆ. ಎಷ್ಟೋ ಕಡೆ ಊರು ಅಂದರೆ ಬೆರಳೆಣಿಕೆಯ ಮನೆಗಳು. ಚರ್ಚು ಮಾತ್ರ ನೂರಾರು ಜನ ಕೂರುವಷ್ಟು ದೊಡ್ಡದು. ಇಷ್ಟು ಕಡಿಮೆ ಜನ ಇಷ್ಟು ದೊಡ್ಡ ಕಟ್ಟಡವನ್ನು ಹೇಗೆ ಉಳಿಸಿಕೊಳ್ಳುತ್ತಾರೆ, ದುಡ್ಡು ಎಲ್ಲಿಂದ ಬರುತ್ತದೆ ಅನ್ನೋದು ನನಗೆ ಬಹಳ ದಿನಗಳ ಕುತೂಹಲ.

ರಾಜನೇ ಮುಖ್ಯಸ್ಥನಾಗಿರುವ ಚರ್ಚ್ ಅಲ್ವಾ, ರಿಪೇರಿ ಖರ್ಚು ಸರ್ಕಾರದ್ದೇ ಇರಬೇಕು ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಹಾಗಿಲ್ಲ. ಸೋರುವ ಸೂರು ಆಯಾ ಪ್ಯಾರಿಷ್‌ನ, ಅಂದರೆ ಆ ಚರ್ಚಿಗೆ ಸೇರಿದ ಊರಿನವರ ತಲೆನೋವು. 1955ರ ಕಾಯ್ದೆಯಿಂದ ಶುರುವಾದ ಪದ್ಧತಿಯಂತೆ ಐದು ವರ್ಷಕ್ಕೊಮ್ಮೆ ವಾಸ್ತುಶಿಲ್ಪಿಯೊಬ್ಬರು ಬಂದು ಕಟ್ಟಡವನ್ನು ಮೇಲಿಂದ ಕೆಳಗೆ ನೋಡಿ ವರದಿ ಕೊಡಬೇಕು. ಯಾವುದನ್ನು ತಕ್ಷಣ ಮಾಡಬೇಕು, ಯಾವುದು ಒಂದೆರಡು ವರ್ಷ ಕಾಯಬಹುದು ಅಂತ ಅದರಲ್ಲಿ ಬರೆದಿರುತ್ತದೆ. ವರದಿ ಕೈಗೆ ಬಂದ ದಿನದಿಂದ ಊರಿನ ಸಮಿತಿಗೆ ನಿದ್ದೆ ಇಲ್ಲ.

ಇಪ್ಸ್‌ವಿಚ್‌ನಲ್ಲಿ ನನ್ನ ಹಳೇ ಗೆಳತಿ ಇದ್ದಾಳೆ. ಕಾರು ಅವಳದು, ಎಲ್ಲಿ ನಿಲ್ಲಿಸಬೇಕೆಂಬ ಹಟ ನನ್ನದು. ಸೆಪ್ಟೆಂಬರ್‌ನ ಎರಡನೇ ಶನಿವಾರ ಕರಾವಳಿಯಲ್ಲಿ ಇರುವ ಹಾಗೆ ನೋಡಿಕೊಂಡು ಹೊರಟೆವು. ಆ ದಿನದ ವಿಶೇಷ ಏನು ಅಂತ ಮುಂದೆ ಹೇಳುತ್ತೇನೆ. ಹಿಂದಿನ ದಿನ ಒಳನಾಡಿನ ಉಣ್ಣೆ ಊರುಗಳನ್ನು ನೋಡಿಬಿಡೋಣ ಅಂದಳು.

ಉಣ್ಣೆ ಬಟ್ಟೆಯ ವ್ಯಾಪಾರದಿಂದ ಹದಿನೈದನೇ ಶತಮಾನದಲ್ಲಿ ಇಲ್ಲಿನ ಕೆಲವು ಊರುಗಳಲ್ಲಿ ದುಡ್ಡು ಕೊಳೆಯುತ್ತಿತ್ತು. ಅದು ಚರ್ಚಿನ ಗೋಡೆಯಲ್ಲೇ ಗೊತ್ತಾಗುತ್ತದೆ. ಲ್ಯಾವೆನ್‌ಹಮ್‌ನ ಗೋಪುರ 141 ಅಡಿ. ಅದಕ್ಕೆ ಹಣ ಕೊಟ್ಟ ಬಟ್ಟೆ ವ್ಯಾಪಾರಿ ಸ್ಪ್ರಿಂಗ್ ಮನೆತನದ ಲಾಂಛನವನ್ನು ಗೋಪುರದ ತುದಿಯಲ್ಲಿ ಸುತ್ತಲೂ ಕೆತ್ತಿದ್ದಾರೆ. ಅಷ್ಟು ಎತ್ತರದಲ್ಲಿ ಕೆತ್ತಿದರೆ ದೇವರಿಗೇ ಕಾಣಬೇಕು ಅಂತ ನಕ್ಕೆವು.

ಲಾಂಗ್ ಮೆಲ್ಫರ್ಡ್‌ನಲ್ಲಿ ಹಾಗಲ್ಲ, ಕತ್ತೆತ್ತಿದರೆ ಸಾಕು, ಓದಬಹುದು. ಅಲ್ಲಿ ನಾನು ಗೋಡೆಯ ಉದ್ದಕ್ಕೂ ನಿಧಾನವಾಗಿ ನಡೆದೆ. ಈ ಸೀಮೆಯಲ್ಲಿ ಒಳ್ಳೆ ಕಟ್ಟಡದ ಕಲ್ಲು ಸಿಗುವುದಿಲ್ಲ. ಹೊಲದಲ್ಲಿ ಸಿಗುವ ಫ್ಲಿಂಟ್ ಅನ್ನೋ ಬೆಣಚುಕಲ್ಲಿನ ಗುಂಡುಗಳನ್ನು ಒಡೆದರೆ ಒಳಗೆ ಗಾಜಿನಂತೆ ಹೊಳೆಯುವ ಕಪ್ಪು ಮೈ. ಆ ಕಪ್ಪು ಚೂರುಗಳ ನಡುವೆ ಹೊರಗಿನಿಂದ ತಂದ ಬಿಳಿ ಕಲ್ಲನ್ನು ಕತ್ತರಿಸಿ ಕೂರಿಸಿ ಅಕ್ಷರ ಮಾಡಿದ್ದಾರೆ. ಮಾಡಿನಂಚಿನ ಕೆಳಗೆ ಸಾಲು ಸಾಲು ಹೆಸರುಗಳು: ಇಂಥವರ ಆತ್ಮಕ್ಕಾಗಿ, ಅವರ ಹೆಂಡತಿಯರ ಆತ್ಮಕ್ಕಾಗಿ ಪ್ರಾರ್ಥಿಸಿ, ಈ ಕಮಾನುಗಳನ್ನು ಅವರ ಹಣದಿಂದ ಕಟ್ಟಿದ್ದು. ಜಾನ್ ಕ್ಲಾಪ್ಟನ್ ಎಂಬ ಸಾಹುಕಾರನ ಹೆಸರು ಎದ್ದು ಕಾಣುತ್ತದೆ. ನನಗೆ ಇಷ್ಟವಾದದ್ದು ಬೇರೆ. ಒಂದು ಕಡೆ ಊರಿನ ಒಳ್ಳೆ ಮನಸ್ಸಿನವರ ಸಹಾಯದಿಂದಲೂ ಈ ಕೆಲಸ ಆಯಿತು ಅಂತ ಬರೆದಿದ್ದಾರೆ. ಅವರ ಹೆಸರಿಲ್ಲ. ದೊಡ್ಡ ದೇಣಿಗೆಗೆ ಹೆಸರು, ಚಿಲ್ಲರೆ ದೇಣಿಗೆಗೆ "ಇತರರು". ದಾನಿಗಳ ಪಟ್ಟಿ ಆಗಲೂ ಹೀಗೇ ಇತ್ತು ನೋಡಿ.

ಶನಿವಾರ ಬೆಳಿಗ್ಗೆ ಕರಾವಳಿ ಕಡೆ ತಿರುಗಿದಾಗ ದಾರಿ ತುಂಬ ಸೈಕಲ್‌ಗಳು. ಅರವತ್ತು ದಾಟಿದವರೇ ಜಾಸ್ತಿ. ಬೆನ್ನಿಗೆ ಹಳದಿ ಜಾಕೆಟ್, ಜೇಬಿನಿಂದ ಇಣುಕುವ ಮಡಚಿದ ಹಾಳೆ. ಈ ದಿನ ಇವರೆಲ್ಲ ಚರ್ಚಿನಿಂದ ಚರ್ಚಿಗೆ ಸೈಕಲ್ ಹೊಡೆಯುತ್ತಾರೆ. ಆಗದವರು ನಡೆಯುತ್ತಾರೆ. ಮೊದಲೇ ನೆಂಟರು, ನೆರೆಹೊರೆಯವರ ಹತ್ತಿರ "ಒಂದೊಂದು ಚರ್ಚಿಗೆ ಇಷ್ಟು ಕೊಡಿ" ಅಂತ ಮಾತು ತೆಗೆದುಕೊಂಡಿರುತ್ತಾರೆ. ಬಂದ ಹಣದಲ್ಲಿ ಅರ್ಧ ತಮ್ಮ ಊರಿನ ಚರ್ಚಿಗೆ, ಇನ್ನರ್ಧ ಇಡೀ ಜಿಲ್ಲೆಯ ಹಳೇ ಚರ್ಚುಗಳಿಗೆ ನೆರವು ಕೊಡುವ ಟ್ರಸ್ಟಿಗೆ. 1980ರ ದಶಕದಲ್ಲಿ ಸಫೋಕ್‌ನಲ್ಲೇ ಹುಟ್ಟಿದ ಈ ಉಪಾಯ ಆಮೇಲೆ ಬೇರೆ ಜಿಲ್ಲೆಗಳಿಗೂ ಹಬ್ಬಿತು. ಪ್ರತಿ ಚರ್ಚಿನ ಬಾಗಿಲಲ್ಲಿ ಒಂದು ಮೇಜು, ಸಹಿ ಹಾಕಿಸಿಕೊಳ್ಳಲು ಒಬ್ಬರು, ಕುಡಿಯಲು ಶರಬತ್ತು, ತಟ್ಟೆಯಲ್ಲಿ ಬಿಸ್ಕತ್ತು.

ಡನಿಚ್‌ನಲ್ಲಿ ಜಾಸ್ತಿ ಹೊತ್ತು ನಿಲ್ಲಲಿಲ್ಲ. ಒಂದು ಕಾಲಕ್ಕೆ ದೊಡ್ಡ ಬಂದರು. 1286ರ ಬಿರುಗಾಳಿಯಿಂದ ಶುರುವಾಗಿ ಸಮುದ್ರ ಅದನ್ನು ತುಂಡು ತುಂಡಾಗಿ ನುಂಗಿತು. ಉಳಿದಿದ್ದ ಕೊನೆಯ ಹಳೇ ಚರ್ಚು 1904ರಿಂದ 1919ರ ನಡುವೆ ದಂಡೆಯಿಂದ ಕೆಳಗೆ ಬಿತ್ತು. ಅದರ ಒಂದು ಆಸರೆಗಂಬವನ್ನು ಮಾತ್ರ ಈಗಿನ ಚರ್ಚಿನ ಅಂಗಳಕ್ಕೆ ತಂದು ನಿಲ್ಲಿಸಿದ್ದಾರೆ. ಅಲ್ಲಿ ವಂತಿಗೆ ಎತ್ತಿ ಪ್ರಯೋಜನವಿರಲಿಲ್ಲ.

ಬ್ಲೈಬರೋಗೆ ಬಂದಾಗ ಬಿಸಿಲು ಚೆನ್ನಾಗಿ ಬಿದ್ದಿತ್ತು. ಜೌಗು ನೆಲದ ಅಂಚಿನಲ್ಲಿ ಉದ್ದಕ್ಕೆ ನಿಂತ ಬೂದು ಬಣ್ಣದ ಚರ್ಚು ದೂರದ ಹೆದ್ದಾರಿಯಿಂದಲೇ ಕಾಣುತ್ತದೆ. ಒಳಗೆ ಕಾಲಿಟ್ಟರೆ ಬೆಳಕೋ ಬೆಳಕು. ಬಣ್ಣದ ಗಾಜು ಬಹುಪಾಲು ಹೋಗಿಬಿಟ್ಟಿದೆ. ಮೇಲೆ ಮರದ ಮಾಡು, ಅದರ ನಡುದೂಲದ ಉದ್ದಕ್ಕೂ ರೆಕ್ಕೆ ಬಿಚ್ಚಿದ ದೇವದೂತರು. ಐನೂರು ವರ್ಷಕ್ಕೂ ಹಿಂದಿನ ಕೆಂಪು, ಹಸಿರು ಇನ್ನೂ ಮಾಸಲಾಗಿ ಉಳಿದಿದೆ. ಆ ದೇವದೂತರ ಮೈಯಲ್ಲಿ ಸೀಸದ ಗುಂಡಿನ ಚೂರುಗಳು ಸಿಕ್ಕಿವೆ. ಮೂರ್ತಿ ಒಡೆಯುವ ಪ್ಯೂರಿಟನ್ನರು ಎಂಬ ಕಟ್ಟಾ ಪ್ರಾಟೆಸ್ಟೆಂಟರು ಹೊಡೆದದ್ದು ಅಂತ ಬಹಳ ಕಾಲ ಹೇಳುತ್ತಿದ್ದರು. ನಿಜದಲ್ಲಿ ಅದು ಹದಿನೆಂಟನೇ ಶತಮಾನದ ಕೆಲಸ. ಚರ್ಚಿನೊಳಗೆ ಗೂಡು ಕಟ್ಟಿದ ಜ್ಯಾಕ್‌ಡಾ ಎಂಬ ಕಾಗೆ ಜಾತಿಯ ಹಕ್ಕಿಗಳನ್ನು ಓಡಿಸಲು ಮದ್ದುಗುಂಡಿಗೆ ಕೊಟ್ಟ ದುಡ್ಡು ಚರ್ಚಿನ ಲೆಕ್ಕದ ಪುಸ್ತಕದಲ್ಲಿದೆ. ಕಥೆ ಏನೇ ಇರಲಿ, ಲೆಕ್ಕದ ಪುಸ್ತಕ ಸುಳ್ಳು ಹೇಳುವುದಿಲ್ಲ!

ಈ ಚರ್ಚು ಅನುಭವಿಸಿದ್ದು ಒಂದೆರಡಲ್ಲ. 1577ರ ಆಗಸ್ಟ್ 4ರಂದು ಗುಡುಗು ಮಳೆಯ ನಡುವೆ ಗೋಪುರದ ಮೇಲಿನ ಶಿಖರ ಮುರಿದು ಸೂರಿನ ಮೇಲೆ ಬಿತ್ತು. ಉತ್ತರದ ಬಾಗಿಲಿನ ಮೇಲೆ ಸುಟ್ಟ ಗುರುತುಗಳಿವೆ. ಕರಿ ನಾಯಿಯ ರೂಪದಲ್ಲಿ ಬಂದ ಸೈತಾನ ಪರಚಿದ್ದು ಅನ್ನುತ್ತಾರೆ. ನಾನೂ ಬೆರಳಿಟ್ಟು ನೋಡಿದೆ. ಉಗುರಿಗಿಂತ ಸ್ವಲ್ಪ ಅಗಲದ ಕಪ್ಪು ಗೀರು, ಮುಟ್ಟಿ ಮುಟ್ಟಿ ನುಣುಪಾಗಿದೆ. ಇದಕ್ಕಿಂತ ದೊಡ್ಡ ಪೆಟ್ಟು ಬಡತನದ್ದು. ನದಿಯ ಬಾಯಲ್ಲಿ ಹೂಳು ತುಂಬಿ ಬಂದರು ಹೋಯಿತು, ಜೊತೆಗೆ ದುಡ್ಡೂ ಹೋಯಿತು. ಮಳೆ ಬಂದರೆ ಜನ ಕೊಡೆ ಹಿಡಿದು ಪ್ರಾರ್ಥನೆಗೆ ಕೂರುತ್ತಿದ್ದರಂತೆ. 1881ರ ಡಿಸೆಂಬರ್‌ನಲ್ಲಿ ಕಟ್ಟಡ ಅಪಾಯಕಾರಿ ಅಂತ ಚರ್ಚನ್ನೇ ಮುಚ್ಚಿದರು.

ಊರವರು ಸಮಿತಿ ಮಾಡಿ ಹಣ ಎತ್ತಲು ಹೊರಟರು. ಆಗ ಅಡ್ಡ ಬಂದದ್ದು ಲಂಡನ್ನಿನ ಒಂದು ಸಂಘ. ವಿಲಿಯಂ ಮಾರಿಸ್ ಮತ್ತು ಗೆಳೆಯರು 1877ರಲ್ಲಿ ಹಳೇ ಕಟ್ಟಡಗಳ ರಕ್ಷಣೆಗೆ ಅಂತಲೇ ಕಟ್ಟಿದ್ದು. ಜೀರ್ಣೋದ್ಧಾರದ ಹೆಸರಲ್ಲಿ ಹಳೆಯದನ್ನೆಲ್ಲ ಕೆರೆದು ಹೊಸದು ಮಾಡಿಬಿಡುತ್ತೀರಿ, ಸುಮ್ನೆ ಸೋರುವುದನ್ನು ನಿಲ್ಲಿಸಿ, ಬಿರುಕು ಮುಚ್ಚಿ, ಸಾಕು ಅನ್ನೋದು ಅವರ ವಾದ. ಊರಿನವರಿಗೆ ರೇಗಿರಬೇಕು. ಕೊಡೆ ಹಿಡಿದು ಕೂತವರು ಇವರು, ಬುದ್ಧಿ ಹೇಳುವವರು ಅವರು. ಆದರೂ ದೇವದೂತರ ಮೇಲಿನ ಹಳೇ ಬಣ್ಣ ನೋಡಿದಾಗ, ಜಗಳ ಆಡಿದ್ದೇ ಒಳ್ಳೆಯದಾಯಿತು ಅನ್ನಿಸಿತು.

ಬಾಗಿಲ ಹತ್ತಿರದ ಮೇಜಿನಲ್ಲಿ ಬಿಳಿ ಕೂದಲಿನ ಒಬ್ಬ ಹೆಂಗಸು ಸೈಕಲ್‌ನವರ ಹಾಳೆಗೆ ಸಹಿ ಹಾಕುತ್ತಿದ್ದರು. ಪಕ್ಕದಲ್ಲಿ ಕಾಣಿಕೆಯ ಲಕೋಟೆಗಳು, ಅದರ ಪಕ್ಕ ಕಾರ್ಡ್ ತಾಗಿಸುವ ಯಂತ್ರ. ನಾನು ಲಕೋಟೆ ಎತ್ತಿಕೊಂಡೆ.

"ನೀವು ಇಲ್ಲಿ ತೆರಿಗೆ ಕಟ್ಟುತ್ತೀರಾ?" ಅಂತ ಕೇಳಿದರು.

"ಇಲ್ಲ, ನಾನು ನೋಡಲು ಬಂದವಳು."

"ಹಾಗಾದರೆ ಆ ಯಂತ್ರಕ್ಕೇ ತಾಗಿಸಿ. ಲಕೋಟೆ ಅವರಿಗಿರಲಿ" ಅಂತ ನನ್ನ ಗೆಳತಿಯ ಕಡೆ ಕೈ ತೋರಿಸಿದರು.

ಆಮೇಲೆ ವಿವರಿಸಿದರು. ತೆರಿಗೆ ಕಟ್ಟುವವರು ಲಕೋಟೆ ಮೇಲೆ ಹೆಸರು, ವಿಳಾಸ ಬರೆದು ಒಪ್ಪಿಗೆ ಕೊಟ್ಟರೆ, ಅವರು ಕೊಟ್ಟ ಪ್ರತಿ ಪೌಂಡಿಗೂ ಸರ್ಕಾರದಿಂದ 25 ಪೆನ್ಸ್ ಚರ್ಚಿಗೆ ಬರುತ್ತದೆ. ಒಂದು ಕೈಯಲ್ಲಿ ಹೀಗೆ ಕೊಡುವ ಸರ್ಕಾರ ಇನ್ನೊಂದು ಕೈಯಲ್ಲಿ ರಿಪೇರಿ ಬಿಲ್ಲಿನ ಮೇಲೆ ಶೇ. 20ರಷ್ಟು ವ್ಯಾಟ್ ಹಾಕುತ್ತದೆ. ಅದನ್ನು ಹಿಂದಿರುಗಿಸಲು 2001ರಲ್ಲಿ ಒಂದು ಯೋಜನೆ ಬಂತು. 2025ರಲ್ಲಿ ಅದಕ್ಕೆ ಕಟ್ಟಡಕ್ಕೆ ವರ್ಷಕ್ಕೆ 25,000 ಪೌಂಡ್ ಅಂತ ಮಿತಿ ಹಾಕಿದರು. ಸಣ್ಣ ಕೆಲಸಕ್ಕೆ ಅಷ್ಟು ಸಾಕಾಗುತ್ತಿತ್ತು. ಪೂರ್ತಿ ಮಾಡು ಬದಲಿಸಲು ಹೊರಟವರಿಗೆ ಮಾತ್ರ ಲೆಕ್ಕವೇ ತಲೆಕೆಳಗಾಯಿತು.

ಬೇರೆ ಆದಾಯ? ಸಂಗೀತ ಕಚೇರಿಗಳು. ಈ ಚರ್ಚಿನಲ್ಲಿ ಧ್ವನಿ ಚೆನ್ನಾಗಿ ತುಂಬುತ್ತದೆ. ಸಂಗೀತ ರಚನಕಾರ ಬೆಂಜಮಿನ್ ಬ್ರಿಟನ್ ಶುರು ಮಾಡಿದ ಆಲ್ಡ್‌ಬರೋ ಉತ್ಸವದ ಕಚೇರಿಗಳು ಇಲ್ಲಿ ನಡೆಯುತ್ತ ಬಂದಿವೆ. 1969ರಲ್ಲಿ ಸ್ನೇಪ್ ಎಂಬ ಊರಿನಲ್ಲಿದ್ದ ಉತ್ಸವದ ಸಭಾಂಗಣ ಉತ್ಸವದ ಮೊದಲ ರಾತ್ರಿಯೇ ಸುಟ್ಟುಹೋದಾಗ ಅಲ್ಲಿ ಆಗಬೇಕಿದ್ದ ಒಪೆರಾವನ್ನೂ ಇಲ್ಲಿಗೇ ತಂದರು. ಇನ್ನು ಕೇಕ್ ಮಾರಾಟ, ಗಿಡಗಳ ಮಾರಾಟ ಎಲ್ಲ ಊರಲ್ಲೂ ಇದ್ದದ್ದೇ. ನಮ್ಮ ಜೊತೆ ಶರಬತ್ತು ಕುಡಿಯುತ್ತಿದ್ದ ಸೈಕಲ್ ಸವಾರರೊಬ್ಬರು ತಮ್ಮ ಚರ್ಚಿನಲ್ಲಿ ಹಣ ಇದ್ದರೂ ಕೆಲಸ ನಿಂತಿದೆ ಅಂದರು. ಮಾಡಿನಲ್ಲಿ ಬಾವಲಿಗಳಿವೆಯಂತೆ. ಕಾನೂನಿನ ರಕ್ಷಣೆ ಇರುವುದರಿಂದ ಅವು ಮರಿ ಹಾಕುವ ಕಾಲದಲ್ಲಿ ಮುಟ್ಟುವ ಹಾಗಿಲ್ಲ. "ವಂತಿಗೆ ಕೊಡದ ಸದಸ್ಯರು ಅವು ಮಾತ್ರ" ಅಂತ ನಕ್ಕು ಸೈಕಲ್ ಹತ್ತಿದರು.

ಮಧ್ಯಾಹ್ನದ ಮೇಲೆ ಕೋವ್‌ಹೈತ್. ಈ ಪ್ರವಾಸದಲ್ಲಿ ನಾನು ನೋಡಲೇಬೇಕು ಅಂದುಕೊಂಡಿದ್ದ ಜಾಗ. ದೊಡ್ಡ ಗೋಪುರ, ಅದಕ್ಕೆ ಅಂಟಿಕೊಂಡು ಸೂರಿಲ್ಲದ ಭಾರಿ ಗೋಡೆಗಳು, ಕಿಟಕಿಗಳ ಜಾಗದಲ್ಲಿ ಬರೀ ಆಕಾಶ. ಆ ಗೋಡೆಗಳ ಹೊಟ್ಟೆಯೊಳಗೆ, ಗೋಪುರಕ್ಕೆ ಒರಗಿ, ಹುಲ್ಲು ಹೊದಿಸಿದ ಒಂದು ಪುಟ್ಟ ಚರ್ಚು! 1672ರಲ್ಲಿ ಇಲ್ಲಿನ ಪ್ಯಾರಿಷ್ ಜನ ಈ ದೊಡ್ಡ ಕಟ್ಟಡವನ್ನು ನೋಡಿಕೊಳ್ಳಲು ನಮ್ಮಿಂದ ಆಗುವುದಿಲ್ಲ ಅಂತ ಒಪ್ಪಿಕೊಂಡರು. ಅನುಮತಿ ಪಡೆದು ಮಾಡು ಇಳಿಸಿದರು, ಅದೇ ಸಾಮಾನು ಬಳಸಿಕೊಂಡು ಒಳಗೇ ಚಿಕ್ಕದೊಂದು ಕಟ್ಟಿಕೊಂಡರು. ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಅಂದರೆ ಇದೇ. ಈಗ ಗೋಪುರ ಮತ್ತು ಪಾಳು ಗೋಡೆಗಳನ್ನು ನೋಡಿಕೊಳ್ಳುವುದು 1969ರಲ್ಲಿ ಶುರುವಾದ, ಬಳಕೆ ತಪ್ಪಿದ ಚರ್ಚುಗಳ ಟ್ರಸ್ಟ್. ಪುಟ್ಟ ಚರ್ಚಿನಲ್ಲಿ ಇಂದಿಗೂ ಪ್ರಾರ್ಥನೆ ನಡೆಯುತ್ತದೆ. ಅಲ್ಲೂ ಮೇಜು, ಅಲ್ಲೂ ಸಹಿಯ ಹಾಳೆ.

ಇದುವರೆಗೆ ನೋಡಿದ್ದರಲ್ಲಿ ಬುದ್ಧಿವಂತ ಊರು ಇದೇ ಅಂದೆ ನಾನು. ಗೆಳತಿ ಒಪ್ಪಲಿಲ್ಲ.

"ಬ್ಲೈಬರೋದವರೂ 1881ರಲ್ಲಿ ಹೀಗೇ ಲೆಕ್ಕ ಹಾಕಿ ಮಾಡು ಇಳಿಸಿದ್ದರೆ? ಬೆಳಿಗ್ಗೆ ಕತ್ತು ನೋಯುವ ತನಕ ಏನು ನೋಡುತ್ತಿದ್ದೆ ನೀನು?"

"ಬ್ಲೈಬರೋಗೆ ರೈಲು ಬಂದಿತ್ತು, ಪತ್ರಿಕೆಗಳಿದ್ದವು, ಲಂಡನ್ನಿನಿಂದ ಬಂದು ಜಗಳ ಆಡುವವರಿದ್ದರು. ಇವರಿಗೆ 1672ರಲ್ಲಿ ಯಾರಿದ್ದರು ಹೇಳು?"

"ಅಂದರೆ ಕೇಳುವವರು ಇದ್ದರೆ ಉಳಿಸಿಕೊಳ್ಳಬೇಕು, ಇಲ್ಲದಿದ್ದರೆ ಇಳಿಸಬೇಕು ಅಂತೀಯಾ?"

ನಾನು ಹೌದು ಅಂದೆ. ಅದಕ್ಕೆ ಅವಳು ಒಪ್ಪದೆ, ಚರ್ಚಿನ ಮುಂದಿನ ರಸ್ತೆಯನ್ನು ತೋರಿಸಿದಳು. ಅದು ಸ್ವಲ್ಪ ಮುಂದೆ ಹೋಗಿ ದಂಡೆಯ ಅಂಚಿನಲ್ಲಿ ಕಡಿದುಹೋಗಿದೆ. ಸಮುದ್ರ ಇಲ್ಲಿ ವರ್ಷಕ್ಕೆ ಕೆಲವು ಮೀಟರ್ ನೆಲ ತಿನ್ನುತ್ತದೆ. ಇನ್ನು ಎಷ್ಟು ಕಾಲ ಇರುತ್ತದೋ ಗೊತ್ತಿಲ್ಲದ ಗೋಪುರದ ಸಂದಿಗೂ ಸುಣ್ಣದ ಗಾರೆ ತುಂಬುತ್ತಾರಲ್ಲ, ಅದು ಯಾವ ಲೆಕ್ಕ ಅಂತ ಕೇಳಿದಳು. ಸೌತ್‌ವೋಲ್ಡ್ ತಲುಪುವ ತನಕ ಇದೇ ವಾದ ನಡೆಯಿತು. ಕಾರು ನಿಲ್ಲಿಸಿದ ಮೇಲೂ ಮುಗಿದಿರಲಿಲ್ಲ.