"ಅದು ಜಪಾನಿನವರ ರಕ್ತದಲ್ಲೇ ಇದೆಯಾ?" ಅಂತ ಕೇಳುವವರಿಗೆ

ರಜೆಗೆ ಊರಿಗೆ ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಮೊದಲು ಬುಲೆಟ್ ರೈಲಿನ ಮಾತು. ಆಮೇಲೆ ಊಟಕ್ಕೆ ಏನು ಮಾಡ್ತೀರಿ ಅನ್ನುವ ಮಾತು. ಕಾಫಿ ಲೋಟ ಖಾಲಿಯಾಗುವ ಹೊತ್ತಿಗೆ ಯಾರಾದರೂ ದನಿ ತಗ್ಗಿಸುತ್ತಾರೆ: "ಅಲ್ಲಿ ಆತ್ಮಹತ್ಯೆ ಜಾಸ್ತಿಯಂತೆ, ಅಲ್ವಾ? ಹರಾಕಿರಿ ಮಾಡ್ಕೊಳ್ತಿದ್ದ ಜನ. ರಕ್ತದಲ್ಲೇ ಇರಬೇಕು."

ಟೋಕಿಯೊದಲ್ಲಿ ಎಂಟು ವರ್ಷದಿಂದ ಇದ್ದೇನೆ. ನನ್ನ ಉತ್ತರ ಒಂದೇ. ರಕ್ತದಲ್ಲಿ ಇಲ್ಲ.

ರಕ್ತದಲ್ಲಿದ್ದರೆ ಲೆಕ್ಕ ಹೆಚ್ಚುಕಮ್ಮಿ ಒಂದೇ ಥರ ಇರಬೇಕಿತ್ತು. 1997ರಲ್ಲಿ ಜಪಾನಿನಲ್ಲಿ ಹೀಗೆ ಹೋದವರು 24 ಸಾವಿರ ಚಿಲ್ಲರೆ. ಮರುವರ್ಷ ಸುಮಾರು 33 ಸಾವಿರ. ಒಂದೇ ವರ್ಷದಲ್ಲಿ ಜನರ ರಕ್ತ ಬದಲಾಗುತ್ತದೆಯೇ? ಬದಲಾಗಿದ್ದು ಕೈಯಲ್ಲಿದ್ದ ದುಡ್ಡು. 1997ರ ನವೆಂಬರಿನಲ್ಲಿ ಹೊಕ್ಕೈಡೊ ತಕುಶೊಕು ಬ್ಯಾಂಕ್ ಮುಳುಗಿತು. ಅದೇ ತಿಂಗಳು ಯಮಾಯಿಚಿ ಸೆಕ್ಯುರಿಟೀಸ್ ಅನ್ನುವ ಷೇರು ವ್ಯಾಪಾರದ ಕಂಪನಿ ಕೂಡ ಕುಸಿಯಿತು. ಉಳಿದ ಬ್ಯಾಂಕುಗಳು ಸಾಲ ಕೊಡಲು ಹೆದರಿದವು. ಕೆಲಸ ಹೋದವರು, ಸಣ್ಣ ಕಂಪನಿ ನಡೆಸುತ್ತಿದ್ದವರು, ಅದರಲ್ಲೂ ನಡುವಯಸ್ಸಿನ ಗಂಡಸರು ಜಾಸ್ತಿ ಹೋದರು. ಅಲ್ಲೂ ಆಗ ಸಾಲಕ್ಕೆ ಜಾಮೀನು ನಿಲ್ಲುತ್ತಿದ್ದವರು ನೆಂಟರು, ಗೆಳೆಯರು. ಒಬ್ಬ ಮುಳುಗಿದರೆ ಸಾಲ ಕೊಟ್ಟವರು ಭಾವನ ಮನೆ ಬಾಗಿಲಿಗೂ ಹೋಗುತ್ತಿದ್ದರು. ಈ ಸಂಕಟ ನಮ್ಮೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಉತ್ತರದಲ್ಲಿ ಅಕಿತಾ ಅಂತ ಹಿಮ ಬೀಳುವ ಪ್ರಾಂತ್ಯ ಇದೆ. ಆತ್ಮಹತ್ಯೆಯ ದರದಲ್ಲಿ ವರ್ಷಗಟ್ಟಲೆ ದೇಶಕ್ಕೇ ಮುಂದಿತ್ತು. ಅಲ್ಲಿನ ಸಾತೊ ಹಿಸಾವೊ ಅವರ ಕಂಪನಿ 2000ದಲ್ಲಿ ದಿವಾಳಿಯಾಯಿತು. ಅವರೂ ಖಿನ್ನತೆಯಲ್ಲಿ ನರಳಿದರು. ಗುರುತಿದ್ದ ವ್ಯಾಪಾರಿಗಳು ಜೀವ ಕಳೆದುಕೊಳ್ಳುವುದನ್ನು ನೋಡಿ 2002ರಲ್ಲಿ 'ಕುಮೊ ನೊ ಇತೊ' ಅನ್ನುವ ಸಂಸ್ಥೆ ಕಟ್ಟಿದರು. ಜೇಡದ ಎಳೆ ಅಂತ ಅರ್ಥ. ಸಾಲದಲ್ಲಿ ಸಿಕ್ಕಿಬಿದ್ದ ಸಣ್ಣ ವ್ಯಾಪಾರಿಗಳ ಎದುರು ಕೂತು ಅವರ ಕಷ್ಟವನ್ನು ಪೂರ್ತಿ ಕೇಳುವುದೇ ಕೆಲಸ. ದಿವಾಳಿಯಾದರೂ ಬದುಕಬಹುದು ಅನ್ನುವ ಮಾತನ್ನು ದಿವಾಳಿಯಾದವರೇ ಹೇಳಿದರೆ ಅದರ ತೂಕ ಬೇರೆ. ನನಗೆ ಜಪಾನಿನಲ್ಲಿ ಜಾಸ್ತಿ ಗೌರವ ಇರುವುದು ಇಂಥವರ ಮೇಲೆ.

ಸಾಲ, ಕೆಲಸದ ಹೊರೆ, ಕಾಯಿಲೆ ಎಲ್ಲ ಇದ್ದದ್ದೇ. ಅದರ ಮೇಲೆ ಬಾಯಿ ಬಿಡಲಾಗದ ನಾಚಿಕೆ ಸೇರಿಕೊಂಡರೆ ಕಷ್ಟ.

ನನ್ನ ಹಳೇ ಆಫೀಸಿನಲ್ಲಿ ಒಬ್ಬರಿದ್ದರು, ನನಗಿಂತ ಹತ್ತು ವರ್ಷ ದೊಡ್ಡವರು. ಎರಡು ವಾರಕ್ಕೊಮ್ಮೆ ಗುರುವಾರ ಬೇಗ ಹೊರಡುತ್ತಿದ್ದರು. ಕೇಳಿದರೆ ಹೊಟ್ಟೆ ಸರಿಯಿಲ್ಲ ಅನ್ನುತ್ತಿದ್ದರು. ಒಂದು ದಿನ ನನ್ನನ್ನೂ ಜೊತೆಗೆ ಕರೆದರು. ಸ್ಟೇಷನ್ ಪಕ್ಕ, ಔಷಧಿ ಅಂಗಡಿಯ ಮೇಲೆ ನಾಲ್ಕನೇ ಮಹಡಿ. ಬೋರ್ಡಿನಲ್ಲಿ 'ಶಿನ್ರ್ಯೊ ನೈಕಾ' ಅಂತಿತ್ತು. ಮನಸ್ಸಿನ ಒತ್ತಡದಿಂದ ಮೈಗೆ ಬರುವ ಕಾಯಿಲೆಗಳ ವಿಭಾಗ ಅದು. 'ಸೇಶಿಂಕಾ', ಅಂದರೆ ಮಾನಸಿಕ ರೋಗ ವಿಭಾಗ ಅಂತ ಬರೆದರೆ ಜನ ಒಳಗೆ ಬರಲು ಹಿಂಜರಿಯುತ್ತಾರೆ. ಅದಕ್ಕೇ ಖಿನ್ನತೆ ನೋಡುವ ಎಷ್ಟೋ ವೈದ್ಯರು ಈ ಹೆಸರನ್ನು ಹಾಕಿಕೊಳ್ಳುತ್ತಾರೆ.

ಅಲ್ಲಿ ಹೆಚ್ಚಿನವರ ಹತ್ತಿರ ಒಂದು ಪುಟ್ಟ ಔಷಧಿ ಪುಸ್ತಕ ಇರುತ್ತದೆ. ತಗೊಂಡ ಮಾತ್ರೆಗಳ ಚೀಟಿಯನ್ನು ಅದರಲ್ಲಿ ಅಂಟಿಸುತ್ತಾರೆ. ಇವರ ಹತ್ತಿರ ಎರಡಿದ್ದವು. ನೆಗಡಿ ಜ್ವರದ್ದು ಮನೆಯಲ್ಲಿ. ಇನ್ನೊಂದು ಆಫೀಸಿನ ಡ್ರಾಯರಿನಲ್ಲಿ, ಕ್ಯಾಲ್ಕುಲೇಟರಿನ ಅಡಿಯಲ್ಲಿ. ಒಂಬತ್ತು ತಿಂಗಳು ಅವರ ಹೆಂಡತಿಗೂ ಗೊತ್ತಿರಲಿಲ್ಲ.

ಈ ನಾಚಿಕೆ ನಿನ್ನೆ ಮೊನ್ನೆಯದಲ್ಲ. 1900ರಲ್ಲಿ ಬಂದ ಒಂದು ಕಾನೂನು ಮಾನಸಿಕ ಕಾಯಿಲೆಯವರನ್ನು ಮನೆಯಲ್ಲೇ ಕೂಡಿಹಾಕಲು ದಾರಿ ಮಾಡಿಕೊಟ್ಟಿತ್ತು. ಡಾಕ್ಟರ್ ಕುರೆ ಶುಜೊ ಅಂಥ ಎಷ್ಟೋ ಕೋಣೆಗಳನ್ನು ನೋಡಿಸಿ 1918ರಲ್ಲಿ ವರದಿ ಬರೆದರು. ಇವರಿಗೆ ಈ ಕಾಯಿಲೆ ಬಂದದ್ದು ಒಂದು ದುರದೃಷ್ಟ, ಈ ದೇಶದಲ್ಲಿ ಹುಟ್ಟಿದ್ದು ಇನ್ನೊಂದು ಅಂದರು. ಆ ಕಾನೂನು ಹೋಗಿದ್ದು 1950ರಲ್ಲಿ. ಸ್ಕಿಜೋಫ್ರೇನಿಯಾಕ್ಕೆ 'ಮನಸ್ಸು ಒಡೆದ ರೋಗ' ಅನ್ನುವ ಹೆಸರು 2002ರವರೆಗೂ ಇತ್ತು. ರೋಗಿಗಳ ಮನೆಯವರು ಕೇಳಿಕೊಂಡ ಮೇಲೆ ಬದಲಾಯಿತು.

ಮೌನ ಮುರಿದವರಲ್ಲಿ ಮಕ್ಕಳೂ ಇದ್ದರು. ಅಪ್ಪನನ್ನೋ ಅಮ್ಮನನ್ನೋ ಹೀಗೆ ಕಳೆದುಕೊಂಡು, ಆಶಿನಾಗಾ ಅನ್ನುವ ಸಂಸ್ಥೆಯ ನೆರವಿನಿಂದ ಓದುತ್ತಿದ್ದವರು. ಗೆಳೆಯರಿಗೂ ಹೇಳದೆ ಇಟ್ಟುಕೊಂಡಿದ್ದನ್ನು 2000ದ ಹೊತ್ತಿಗೆ ಬರೆಯಲು ಶುರು ಮಾಡಿದರು. 2006ರಲ್ಲಿ ಕಾನೂನಿಗಾಗಿ ಒಂದು ಲಕ್ಷ ಸಹಿ ಬಿದ್ದವು. ಅದೇ ವರ್ಷ ಆತ್ಮಹತ್ಯೆ ತಡೆಯುವ ಮೂಲ ಕಾನೂನು ಬಂತು. ಇದು ಒಬ್ಬೊಬ್ಬರ ಖಾಸಗಿ ಸಂಗತಿ ಅಂತ ಕೈ ತೊಳೆದುಕೊಳ್ಳುವ ಹಾಗಿಲ್ಲ, ಸಮಾಜವೇ ನೋಡಿಕೊಳ್ಳಬೇಕು ಅಂತ ಅದು ಹೇಳಿತು. ಬಡ್ಡಿ ಸಾಲದ ಮೇಲೂ ಬಿಗಿ ಬಂತು. ಹೀಗೆ ಸತ್ತವರ ಲೆಕ್ಕ 2003ರಲ್ಲಿ 34,427 ಇದ್ದದ್ದು 2019ಕ್ಕೆ 20,169ಕ್ಕೆ ಇಳಿಯಿತು. ಕೊರೊನಾ ಕಾಲದಲ್ಲಿ ಮತ್ತೆ ಸ್ವಲ್ಪ ಏರಿ, 2024ರಲ್ಲಿ 20,320ಕ್ಕೆ ಬಂತು. ಅದೇ ಜನ, ಅದೇ ರಕ್ತ.

ಮಕ್ಕಳ ಲೆಕ್ಕ ಮಾತ್ರ ಇಳಿದಿಲ್ಲ. 2024ರಲ್ಲಿ 529 ಶಾಲಾ ಮಕ್ಕಳು. 1980ರಿಂದ ಇಟ್ಟ ಲೆಕ್ಕದಲ್ಲಿ ಅಲ್ಲಿಯವರೆಗೆ ಅದೇ ಅತಿ ಹೆಚ್ಚು. ಬರೆಯುವಾಗ ಕೈ ನಿಲ್ಲುತ್ತದೆ. ಬೇಸಿಗೆ ರಜೆ ಮುಗಿದು ಸೆಪ್ಟೆಂಬರ್ 1ರ ಆಸುಪಾಸು ಶಾಲೆ ತೆರೆಯುವ ಹೊತ್ತು ಅಲ್ಲಿ ಎಲ್ಲರಿಗೂ ಆತಂಕ. 2015ರ ಆಗಸ್ಟಿನಲ್ಲಿ ಕಾಮಾಕುರಾ ಊರಿನ ಗ್ರಂಥಾಲಯ ಟ್ವಿಟರಿನಲ್ಲಿ ಮಕ್ಕಳಿಗೆ ಒಂದು ಮಾತು ಬರೆಯಿತು. ಶಾಲೆಗೆ ಹೋಗುವುದು ಸಾಯುವಷ್ಟು ಕಷ್ಟ ಅನ್ನಿಸಿದರೆ ಹೋಗಬೇಡಿ, ಇಲ್ಲಿಗೆ ಬನ್ನಿ. ಕಾಮಿಕ್ಸ್ ಇವೆ. ದಿನವಿಡೀ ಕೂತರೂ ಯಾರೂ ಏನೂ ಅನ್ನುವುದಿಲ್ಲ. ದೇಶವೆಲ್ಲ ಅದನ್ನು ಹಂಚಿಕೊಂಡಿತು. ನನಗೆ ಈಗಲೂ ಅದನ್ನು ಓದಿದರೆ ಗಂಟಲು ಕಟ್ಟುತ್ತದೆ.

ಇಷ್ಟು ಹೇಳಿದ ಮೇಲೆ ಊರಿನವರಿಗೆ ಇನ್ನೊಂದು ಮಾತು ಹೇಳುತ್ತೇನೆ. 2022ರಲ್ಲಿ ಜಪಾನಿನ ಆತ್ಮಹತ್ಯೆಯ ದರ ಲಕ್ಷ ಜನಕ್ಕೆ 17.5. ಅದೇ ವರ್ಷ ಕರ್ನಾಟಕದಲ್ಲಿ ಹೀಗೆ ಸತ್ತವರು 13,606, ಅಂದರೆ ಲಕ್ಷಕ್ಕೆ ಸುಮಾರು 20. ಕೇಳಿದವರು ಸುಮ್ಮನಾಗುತ್ತಾರೆ. ನಮ್ಮ ಪತ್ರಿಕೆಗಳ ಮೂಲೆಯಲ್ಲಿ 'ಹೊಟ್ಟೆನೋವು ತಾಳಲಾರದೆ' ಅನ್ನುವ ಸಣ್ಣ ಸುದ್ದಿ ಚಿಕ್ಕಂದಿನಿಂದ ಓದಿದ್ದೇವೆ. ಅಷ್ಟು ಜನಕ್ಕೆ ನಿಜವಾಗಿಯೂ ಹೊಟ್ಟೆನೋವೇ ಇತ್ತಾ?

ಓದುತ್ತಿರುವ ನಿಮಗೇ ಈಗ ಕಷ್ಟವಾಗಿದ್ದರೆ ದಯವಿಟ್ಟು ಯಾರಿಗಾದರೂ ಹೇಳಿ. ಮನೆಯವರಿಗೆ ಹೇಳಲು ಆಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ದುಡ್ಡಿಲ್ಲ, ಹಗಲೂ ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಜಪಾನಿನಲ್ಲಿರುವ ನಮ್ಮವರು ಯೊರಿಸೊಯ್ ಹಾಟ್‌ಲೈನಿಗೆ, 0120-279-338ಕ್ಕೆ, ಮಾಡಬಹುದು.

ನನ್ನ ಆ ಸಹೋದ್ಯೋಗಿ ಕೊನೆಗೆ ಒಂದು ಭಾನುವಾರ ಹೆಂಡತಿಗೆ ಹೇಳಿದರು. ಔಷಧಿ ಪುಸ್ತಕವನ್ನು ಊಟದ ಮೇಜಿನ ಮೇಲೆ ಇಟ್ಟು, ತಲೆ ತಗ್ಗಿಸಿ ಕೂತರಂತೆ. ಆಕೆ ಒಂದೊಂದೇ ಪುಟ ತಿರುವಿ ನೋಡಿದರು. ಆಮೇಲೆ ಕೇಳಿದ್ದು ಇಷ್ಟೇ: "ಈ ಮಾತ್ರೆ ಊಟಕ್ಕೆ ಮುಂಚೆನಾ, ಆಮೇಲಾ?"