ಹನ್ನೊಂದು ಗಂಟೆಯ ಸಭೆಗೆ ನಿದ್ದೆಗೆಟ್ಟು ಬಂದ ಸೈಕಲ್ ಸವಾರ

ನಮ್ಮ ಬಡಾವಣೆಯ ಮುಖ್ಯರಸ್ತೆಗೆ ಸೈಕಲ್ ಲೇನ್ ಬೇಕೋ ಬೇಡವೋ ಎಂದು ಚರ್ಚಿಸಲು ವಾರ್ಡ್ ಕಚೇರಿಯಲ್ಲಿ ಒಂದು ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದಿದ್ದರು. ಬೆಂಗಳೂರಿನಲ್ಲಿ, 2022ರ ಮಾತು. ಅಂಟಿಸಿದ್ದ ನೋಟಿಸು ಓದಿದ ಕೂಡಲೇ, ದಿನಾ ಸೈಕಲ್ ತುಳಿಯುವವರಲ್ಲಿ ಒಬ್ಬರೂ ಈ ಹೊತ್ತಿಗೆ ಬರಲಾರರು ಅನ್ನಿಸಿತು. ಪೇಪರ್ ಹಾಕುವ ಹುಡುಗರು ಕಾಲೇಜಿನಲ್ಲಿರುತ್ತಾರೆ. ಹೂವಿನವರು, ಸೊಪ್ಪಿನವರು ವ್ಯಾಪಾರದ ಮೇಲಿರುತ್ತಾರೆ. ರಾತ್ರಿ ಪಾಳಿಯ ಸೆಕ್ಯುರಿಟಿಯವರು ಆಗಷ್ಟೇ ಉಂಡು ಮಲಗಿರುತ್ತಾರೆ.

ಹಿಂದಿನ ಸಂಜೆ ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಅಣ್ಣನನ್ನು ಕೇಳಿದೆ. ಯಾದಗಿರಿ ಕಡೆಯವರು, ಐವತ್ತು ದಾಟಿದವರು. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಪಾಳಿ. ರೂಮು ಹೊರವರ್ತುಲ ರಸ್ತೆಯ ಆಚೆ.

“ಅಣ್ಣ, ನಾಳೆ ಮೀಟಿಂಗಿಗೆ ನೀವೂ ಬನ್ನಿ. ಓಡಾಡೋರು ನೀವು, ನೀವೇ ಹೇಳಿದ್ರೆ ತೂಕ ಇರುತ್ತೆ.”

“ನಾ ಏನ್ ಹೇಳ್ಲಿರಿ ಅಕ್ಕಾರ? ಅಲ್ಲಿ ದೊಡ್ ಮಂದಿ ಕುಂತಿರ್ತಾರ.”

“ದಾರೀಲಿ ಏನಾಗುತ್ತೋ ಅಷ್ಟೇ ಹೇಳಿ, ಸಾಕು.”

ಮರುದಿನ ಪಾಳಿ ಮುಗಿಸಿ, ಗೇಟಿನ ಪಕ್ಕದ ಕುರ್ಚಿಯಲ್ಲೇ ಹನ್ನೊಂದರವರೆಗೂ ಕಾದು ಬಂದರು. ಯೂನಿಫಾರ್ಮು ಕೂಡ ಬದಲಿಸಿರಲಿಲ್ಲ.

ಅವರ ಸೈಕಲ್ಲನ್ನು ನಾನು ಸರಿಯಾಗಿ ನೋಡಿದ್ದು ಆವತ್ತೇ, ವಾರ್ಡ್ ಕಚೇರಿಯ ಮುಂದೆ ಸ್ಟ್ಯಾಂಡ್ ಹಾಕಿದಾಗ. ಬಾರ್ ಇರುವ ಹಳೆಯ ಸೈಕಲ್. ಕ್ಯಾರಿಯರ್‌ಗೆ ಹಳೇ ಟ್ಯೂಬ್ ಸುತ್ತಿ ಬಿಗಿದ ಬುತ್ತಿ ಡಬ್ಬಿ, ಸೀಟಿಗೆ ಮಳೆಗೆಂದು ಹಾಕಿದ ಪ್ಲಾಸ್ಟಿಕ್ ಕವರು. ಹಿಂದಿನ ಮಡ್‌ಗಾರ್ಡು, ಎರಡೂ ಪೆಡಲು, ಕಡೆಗೆ ಚಕ್ರದ ಕಡ್ಡಿಗಳಿಗೂ ಕೆಂಪು ಹಳದಿ ರೇಡಿಯಂ ಕತ್ತರಿಸಿ ಅಂಟಿಸಿಕೊಂಡಿದ್ದರು. ಸರ್ವಿಸ್ ರಸ್ತೆಯಲ್ಲಿ ಎಷ್ಟೋ ಕಡೆ ದೀಪ ಉರಿಯುವುದಿಲ್ಲ. ಹಿಂದಿನಿಂದ ಬರುವ ಕ್ಯಾಬಿನ ಕಣ್ಣಿಗೆ ತಾನೊಬ್ಬ ಇದ್ದೇನೆಂದು ಕಾಣಲಿ ಅಂತ ಅವರೇ ಮಾಡಿಕೊಂಡ ಏರ್ಪಾಡು ಅದು. ಈ ಊರಿನಲ್ಲಿ ಅವರ ಸುರಕ್ಷತೆಗೆಂದು ನಡೆದಿದ್ದ ಕೆಲಸವೆಂದರೆ ಹೆಚ್ಚುಕಡಿಮೆ ಅದೊಂದೇ.

ಹೆಚ್ಚುಕಡಿಮೆ ಎಂದೆ, ಯಾಕೆಂದರೆ ಒಮ್ಮೆ ಬೇರೆಯೂ ನಡೆದಿತ್ತು. 2020ರ ಅಕ್ಟೋಬರ್‌ನಲ್ಲಿ, ಕೋವಿಡ್ ಭಯಕ್ಕೆ ಜನ ಬಸ್ಸು ಹತ್ತಲು ಹಿಂಜರಿಯುತ್ತಿದ್ದಾಗ, ನಗರ ಭೂಸಾರಿಗೆ ನಿರ್ದೇಶನಾಲಯ ಮುಂದೆ ನಿಂತು ಹೊರವರ್ತುಲ ರಸ್ತೆಯಲ್ಲಿ ತಾತ್ಕಾಲಿಕ ಸೈಕಲ್ ಪಥ ಶುರು ಮಾಡಿಸಿತು. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಲೌರಿ ಜಂಕ್ಷನ್‌ವರೆಗೆ ಸುಮಾರು 17 ಕಿ.ಮೀ. ಬಣ್ಣದ ಗೆರೆ, ಪಕ್ಕದಲ್ಲಿ ನೆಟ್ಟ ಬೊಲ್ಲಾರ್ಡ್ ಕಂಬಗಳು. ಅದೇ ರಸ್ತೆಯಲ್ಲಿ ಅದಕ್ಕೂ ಒಂದು ವರ್ಷ ಮೊದಲು ಬಸ್ಸಿಗೇ ಮೀಸಲಾದ ಪಥವೂ ಬಂದಿತ್ತು. ನಮ್ಮ ಸೆಕ್ಯುರಿಟಿ ಅಣ್ಣ ಇವತ್ತಿಗೂ ಆ ದಿನ ನೆನೆಸಿಕೊಳ್ಳುತ್ತಾರೆ: “ಆಗ ಭಾಳ ಛಲೋ ಇತ್ರಿ. ಹಿಂದ್ ಹಾರ್ನ್ ಹೊಡದ್ರೂ ಎದಿ ನಡಗ್ತಿದ್ದಿಲ್ಲ.” ಆಮೇಲೆ ಕಂಬಗಳು ಒಂದೊಂದಾಗಿ ಮುರಿದವು, ಸ್ಕೂಟರುಗಳು ನುಗ್ಗಿದವು, ಮೆಟ್ರೋ ಕಾಮಗಾರಿಯ ತಗಡಿನ ಬೇಲಿ ಬಂದು ಜಾಗವನ್ನೇ ನುಂಗಿತು. ಮೆಟ್ರೋ ಬರಬೇಕು, ನನಗೆ ಅದರ ಬಗ್ಗೆ ತಕರಾರಿಲ್ಲ. ಆದರೆ ಬೇಲಿ ಹಾಕಿದ ಕಡೆ ಕಾರುಗಳಿಗೆ ತಿರುವು ದಾರಿ ಮಾಡಿದರು, ಮಾರ್ಷಲ್‌ಗಳನ್ನು ನಿಲ್ಲಿಸಿದರು. ಸೈಕಲ್ಲಿನವರಿಗೆ ಎಲ್ಲಿಂದ ಹೋಗಿ ಎಂದು ಒಂದು ಬೋರ್ಡು ಕೂಡ ನಾನು ಓಡಾಡುವ ಕಡೆ ಕಾಣಲಿಲ್ಲ.

ಸಭೆಯ ಮೇಜಿನ ಮೇಲೆ ರಸ್ತೆಯ ನಕ್ಷೆ ಹಾಸಿದ್ದರು. ಎರಡು ಬದಿಗೂ ಪಾರ್ಕಿಂಗ್, ನಡುವೆ ವಾಹನ, ಒಂದು ಬದಿಯಲ್ಲಿ ಪಾರ್ಕಿಂಗ್‌ಗೆ ಅಂಟಿಕೊಂಡಂತೆ ಸೈಕಲ್ಲಿಗೆ ಹಸಿರು ಪಟ್ಟಿ. ಕಾರಿನ ಬಾಗಿಲು ತೆರೆದರೆ ಸೀದಾ ಸೈಕಲ್ಲಿನವನ ಎದೆಗೇ ಬಡಿಯುವ ಜಾಗ. ರಸ್ತೆ ಬದಿ ನಿಂತ ಒಂದು ಕಾರಿಗೆ ಬೇಕಾಗುವ ಅಗಲವೂ ಒಂದು ಒಳ್ಳೆಯ ಸೈಕಲ್ ಲೇನಿಗೆ ಬೇಕಾಗುವ ಅಗಲವೂ ಹತ್ತಿರ ಹತ್ತಿರ ಒಂದೇ, ಎರಡು ಮೀಟರಿನ ಆಸುಪಾಸು. ಆದ್ದರಿಂದ ಸೈಕಲ್ ಲೇನಿನ ಜಗಳ ಎಲ್ಲಿ ನಡೆದರೂ ಕಡೆಗೆ ಪಾರ್ಕಿಂಗ್ ಜಗಳವೇ ಆಗುತ್ತದೆ. ಆವತ್ತೂ ಹತ್ತು ನಿಮಿಷದಲ್ಲಿ ಮಾತು ಅಲ್ಲಿಗೇ ಬಂತು.

ಮೆಡಿಕಲ್ ಶಾಪಿನ ಯಜಮಾನರು ಹೇಳಿದ್ದರಲ್ಲಿ ನ್ಯಾಯವಿತ್ತು. “ನನ್ನ ಗಿರಾಕಿ ಎರಡು ನಿಮಿಷ ಗಾಡಿ ನಿಲ್ಲಿಸಿ ಮಾತ್ರೆ ತಗೊಂಡು ಹೋಗ್ತಾರೆ. ಜಾಗ ಇಲ್ಲ ಅಂದ್ರೆ ಮುಂದಿನ ಅಂಗಡಿಗೆ ಹೋಗ್ತಾರೆ. ನನ್ನ ಬಾಡಿಗೆ ಯಾರು ಕಟ್ತಾರೆ?” ಅವರ ಅಂಗಡಿ ಮುಂದೆ ದಿನವಿಡೀ ನಿಂತಿರುತ್ತಿದ್ದುದು ಗಿರಾಕಿಗಳ ಗಾಡಿಗಳಲ್ಲ, ಹಿಂದಿನ ಬೀದಿಯ ಮನೆಗಳ ಎರಡನೇ ಕಾರು, ಮೂರನೇ ಕಾರು. ಅದನ್ನು ಹೇಳಿದೆ. ಆ ಕಾರುಗಳ ಪೈಕಿ ಕೆಲವುಗಳ ಮಾಲೀಕರು ಅದೇ ಕೋಣೆಯಲ್ಲಿದ್ದರು. ಯಜಮಾನರು ಅವರತ್ತ ನೋಡಿ ಸುಮ್ಮನಾದರು, ದಿನಾ ಮುಖ ನೋಡಬೇಕಾದವರಲ್ಲವೇ.

ನಿವಾಸಿಗಳ ಸಂಘದ ಹಿರಿಯರೊಬ್ಬರು, “ಇದೇನು ಹಾಲೆಂಡಾ ಮೇಡಂ?” ಎಂದರು. ಈ ಮಾತನ್ನು ನಾನು ಎಷ್ಟೋ ಕಡೆ ಕೇಳಿದ್ದೇನೆ. ಸೈಕಲ್ಲಿಗೆ ಹೆಸರಾದ ಹಾಲೆಂಡ್ ಕೂಡ ಹುಟ್ಟುತ್ತಲೇ ಹಾಲೆಂಡ್ ಆಗಿರಲಿಲ್ಲ. ಎರಡನೇ ಮಹಾಯುದ್ಧದ ನಂತರ ಅಲ್ಲೂ ಕಾರುಗಳಿಗೆಂದು ಊರು ಒಡೆದರು, ಕಟ್ಟೆ ಚೌಕಗಳೆಲ್ಲ ಪಾರ್ಕಿಂಗ್ ಆದವು. 1971ರಲ್ಲಿ ಆ ಪುಟ್ಟ ದೇಶದಲ್ಲಿ ರಸ್ತೆ ಅಪಘಾತಕ್ಕೆ 3,000ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತಂದೆತಾಯಿಗಳು ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದು ಬೀದಿಗಿಳಿದರು. ಅದರ ಬೆನ್ನಿಗೇ 1973ರ ತೈಲ ಬಿಕ್ಕಟ್ಟು ಬಂತು. ಆಮೇಲಷ್ಟೇ ಅಲ್ಲಿನ ಸರಕಾರಗಳು ರಸ್ತೆಯನ್ನು ಬೇರೆ ಥರ ಹಂಚಲು ಒಪ್ಪಿದ್ದು. ಇದಿಷ್ಟನ್ನೂ ಹೇಳಿದೆ. ಹಿರಿಯರು ತಾಳ್ಮೆಯಿಂದ ಕೇಳಿದರು, ಅದಕ್ಕೆ ನನಗೆ ಅವರ ಮೇಲೆ ಗೌರವವಿದೆ.

ಆಗ ಎಂಜಿನಿಯರ್ ಲೆಕ್ಕದ ಹಾಳೆ ತೆಗೆದರು. ರಸ್ತೆಯಲ್ಲಿ ವಾಹನ ಎಣಿಸಿದ್ದಾರೆ, ಸೈಕಲ್ ತೀರಾ ಕಡಿಮೆ, ಇಷ್ಟಕ್ಕೆ ಲೇನ್ ಹೇಗೆ ಕೊಡುವುದು ಎಂಬುದು ಅವರ ಪ್ರಶ್ನೆ. ಎಣಿಸಿದ್ದು ಯಾವಾಗ ಎಂದು ಕೇಳಿದೆ. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು, ಸಂಜೆ ಐದರಿಂದ ಏಳು. ಅದು ಕಾರುಗಳ ಪೀಕ್ ಅವರ್. ಸೈಕಲ್ಲುಗಳದ್ದು ಬೆಳಿಗ್ಗೆ ಐದರಿಂದ ಎಂಟೂವರೆ, ರಾತ್ರಿ ಏಳೂವರೆಯಿಂದ ಒಂಬತ್ತು: ಪಾಳಿ ಬದಲಾಗುವ ಹೊತ್ತು, ಪೇಪರು, ಹಾಲು, ಹೂವು ಮನೆ ಸೇರುವ ಹೊತ್ತು.

ಹಾಳೆಯ ಇನ್ನೊಂದು ಕಾಲಂ ನನ್ನನ್ನು ಇನ್ನೂ ಕಾಡುತ್ತದೆ. ರಸ್ತೆಯ ಲೆಕ್ಕ ಹಾಕುವುದು ‘ಪ್ಯಾಸೆಂಜರ್ ಕಾರ್ ಯೂನಿಟ್’ ಎಂಬ ಅಳತೆಯಲ್ಲಿ. ಒಂದು ಕಾರು ಎಂದರೆ ಒಂದು. ಉಳಿದೆಲ್ಲವೂ ಕಾರಿನ ಜಾಗಕ್ಕೆ ಹೋಲಿಸಿ ಇಷ್ಟು ಪಾಲು ಎಂದು. ಐವತ್ತು ಜನರನ್ನು ಹೊತ್ತ ಬಸ್ಸು ಎರಡು ಮೂರು ಕಾರಿಗೆ ಸಮ, ಸೈಕಲ್ಲು ಅರ್ಧ ಕಾರು. ಅದು ಜಾಗದ ಅಳತೆ, ಜನರ ಅಳತೆಯಲ್ಲ. ವಾಹನಗಳನ್ನಲ್ಲ, ಜನರನ್ನು ಸಾಗಿಸಬೇಕು ಎಂದು ಕೇಂದ್ರ ಸರಕಾರದ ನಗರ ಸಾರಿಗೆ ನೀತಿ 2006ರಲ್ಲೇ ಹೇಳಿದೆ. ಆ ನೀತಿ ಬಂದು ಅಷ್ಟು ವರ್ಷವಾದ ಮೇಲೂ ವಾರ್ಡ್ ಮಟ್ಟದ ಹಾಳೆಯಲ್ಲಿ ಮನುಷ್ಯರನ್ನು ಬರೆಯಲು ಒಂದು ಕಾಲಂ ಇರಲಿಲ್ಲ.

ಸೆಕ್ಯುರಿಟಿ ಅಣ್ಣ ಎದ್ದು ನಿಂತದ್ದು ಆವಾಗ. ನಾನು ಹೇಳಿಕೊಟ್ಟಿರಲಿಲ್ಲ.

“ಸಾಹೇಬ್ರ, ನಮ್ಮ ಗೇಟಿನ್ಯಾಗ ಒಂದ್ ರಿಜಿಸ್ಟರ್ ಅದರಿ. ಯಾರ್ ಬಂದ್ರೂ ಹೆಸ್ರು, ಟೈಮು, ಗಾಡಿ ನಂಬರ್ ಬರೀತೀವಿ. ಸೈಕಲ್ಲಿಗಿ ನಂಬರ್ ಇರಂಗಿಲ್ಲ, ಅಲ್ಲೊಂದ್ ಗೀಟ್ ಹಾಕ್ತೀವಿ. ಆ ಗೀಟ್ ಎಣಸ್ರಿ ಸಾಹೇಬ್ರ. ಎಲ್ಲಾ ಗೇಟಿನ್ಯಾಗೂ ಅದಾವು.”

ಕೋಣೆ ಸ್ತಬ್ಧವಾಗಲಿಲ್ಲ, ಯಾರೂ ಚಪ್ಪಾಳೆ ತಟ್ಟಲಿಲ್ಲ. ಟ್ರಾಫಿಕ್ ಪೊಲೀಸ್ ಅಧಿಕಾರಿಯೊಬ್ಬರು ಮಾತ್ರ ತಲೆಯೆತ್ತಿ, “ಅದು ಒಳ್ಳೇ ಲೆಕ್ಕ” ಎಂದರು. ನನಗೆ ಕಣ್ಣು ತುಂಬಿತು.

ಆದರೂ ತೀರ್ಮಾನ ಬಂದದ್ದು ಹೀಗೆ: ಹಸಿರು ಪಟ್ಟಿ ಬಳಿಯುವುದು, ಬೆಳಿಗ್ಗೆ ಹತ್ತರವರೆಗೆ ಸೈಕಲ್ಲಿಗೆ, ಆಮೇಲೆ ಪಾರ್ಕಿಂಗ್‌ಗೆ. ಇದನ್ನು ಎಲ್ಲರೂ ಒಳ್ಳೆಯ ಹೊಂದಾಣಿಕೆ ಎಂದರು. ಮೆಟ್ಟಿಲಿಳಿಯುವಾಗ ಅಣ್ಣ ಕೇಳಿದರು, “ಮುಂಜಾನಿ ಮನಿಗಿ ಹೋಗ್ಲಿಕ್ಕಿ ದಾರಿ ಆತ್ರಿ. ಸಂಜೀಕ ಡ್ಯೂಟಿಗಿ ಹ್ಯಾಂಗ್ ಬರ್ಲಿ?” ನಡಾವಳಿಯ ಪ್ರತಿ ಕೈಗೆ ಬಂದಾಗ ಅದರಲ್ಲಿ ‘ಸಾರ್ವಜನಿಕರು ಪಾರ್ಕಿಂಗ್ ಕುರಿತು ಆತಂಕ ವ್ಯಕ್ತಪಡಿಸಿದರು’ ಎಂದಿತ್ತು. ರಿಜಿಸ್ಟರಿನ ಮಾತು ಇರಲಿಲ್ಲ.

ಇದು ಯಾರೋ ಒಬ್ಬ ಎಂಜಿನಿಯರ್‌ನ ಕೆಟ್ಟತನ ಎಂದು ನಾನು ನಂಬುವುದಿಲ್ಲ. ಬೆಂಗಳೂರಿನ ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರ್‌ಗೇ ಮುಗಿದಿತ್ತು, ಚುನಾವಣೆ ನಡೆದಿರಲಿಲ್ಲ. ಹೋಗಿ ಕೇಳೋಣ ಎಂದರೆ ಆರಿಸಿ ಬಂದವರೇ ಇಲ್ಲ. ಇದ್ದಿದ್ದರೂ ನಮ್ಮ ಅಣ್ಣನ ಓಟು ಇರುವುದು ಊರಲ್ಲಿ. ಪಟ್ಟಿಗೆ ಇಲ್ಲಿ ಹೆಸರು ಸೇರಿಸಿ ಎಂದರೆ, ಊರಲ್ಲಿ ಹೆಸರು ಹೋದರೆ ರೇಷನ್ನೂ ಹೋದೀತೆಂಬ ಅಂಜಿಕೆ. ಎರಡಕ್ಕೂ ಸಂಬಂಧವಿಲ್ಲ ಎಂದು ಎಷ್ಟು ಹೇಳಿದರೂ “ನೋಡೋಣ್ರಿ” ಅನ್ನುತ್ತಾರೆ. ಕಾರು ನಿಲ್ಲಿಸುವವರ ಓಟು, ಸಂಘ, ವಾಟ್ಸಾಪ್ ಗ್ರೂಪು, ಹನ್ನೊಂದು ಗಂಟೆಯ ಬಿಡುವು ಎಲ್ಲವೂ ಇದೇ ವಾರ್ಡಿನಲ್ಲಿವೆ. ಸೈಕಲ್ ತುಳಿಯುವವರ ದುಡಿಮೆ ಮಾತ್ರ ಇಲ್ಲಿದೆ. ಪಾದಚಾರಿ ಮತ್ತು ಸೈಕಲ್ ಸವಾರರ ಹಕ್ಕಿಗೆಂದು 2021ರಲ್ಲಿ ರಾಜ್ಯದಲ್ಲಿ ಒಂದು ಮಸೂದೆಯ ಕರಡೇನೋ ಸಿದ್ಧವಾಗಿತ್ತು. ಅದು ಕರಡಾಗಿಯೇ ಉಳಿಯಿತು. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುರಂಗ ರಸ್ತೆ ಎಂದರೆ 17 ಸಾವಿರ ಕೋಟಿ ರೂಪಾಯಿಗೂ ಮಿಕ್ಕಿದ ಅಂದಾಜು ಸಿದ್ಧವಾಗುತ್ತದೆ. ಅದನ್ನು ಓದಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ, ಮುಚ್ಚಿಡುವುದಿಲ್ಲ.

ಸಭೆಯ ನಂತರ ಅಕ್ಕಪಕ್ಕದ ಅಪಾರ್ಟ್‌ಮೆಂಟುಗಳ ಸೆಕ್ಯುರಿಟಿಯವರು ತಮ್ಮ ತಮ್ಮ ಗೇಟಿನ ಮುಂದೆ ಹಾದುಹೋಗುವ ಸೈಕಲ್ಲುಗಳನ್ನೂ ರಿಜಿಸ್ಟರಿನ ಹಿಂದಿನ ಹಾಳೆಗಳಲ್ಲಿ ಗೀಟು ಹಾಕಿ ಎಣಿಸಿದರು, ಒಂದು ವಾರ, ಎರಡೂ ಪಾಳಿಯಲ್ಲಿ. ಅದರ ಜೆರಾಕ್ಸ್ ಇಟ್ಟು ಮತ್ತೊಂದು ಅರ್ಜಿ ಕೊಟ್ಟೆ. ಸ್ವೀಕೃತಿಯ ಸೀಲು ಬಿತ್ತು, ಉತ್ತರ ಬರಲಿಲ್ಲ. ಹಸಿರು ಬಣ್ಣ ಎರಡು ಮಳೆಗಾಲಕ್ಕೆ ಅಳಿಸಿಹೋಯಿತು.

2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು ಇದ್ದ ಒಂದು ಪಾಲಿಕೆ ಐದಾಯಿತು. ನಾನು ಅರ್ಜಿಯ ಮೇಲಿನ ವಿಳಾಸ ತಿದ್ದಿ ಮತ್ತೆ ಕೊಟ್ಟಿದ್ದೇನೆ. ಓಟು ಕೇಳಲು ಗೇಟಿಗೆ ಬರುವ ಅಭ್ಯರ್ಥಿಗಳಿಗೆ ಮೂರು ಪ್ರಶ್ನೆ ಕೇಳುವವಳಿದ್ದೇನೆ: ಸೈಕಲ್ ಎಣಿಕೆ ಬೆಳಿಗ್ಗೆ ಐದಕ್ಕೆ ಶುರು ಮಾಡಿಸುತ್ತೀರಾ? ರಸ್ತೆಯ ಸಭೆ ಭಾನುವಾರ ಸಂಜೆ ಇಡುತ್ತೀರಾ? ರಾತ್ರಿ ಏಳೂವರೆಗೆ ಆ ಎರಡು ಮೀಟರ್ ಯಾರಿಗೆ ಕೊಡುತ್ತೀರಿ?