ಒಳಮೈ ನೋಡದೆ ತೇಪೆ ಕೀಳಬೇಡಿ

ಹಳೆಯ ಪೆಟ್ಟಿಗೆ, ಕುರ್ಚಿ, ಮಂಚಗಳ ದುರಸ್ತಿ ನನ್ನ ಕೆಲಸ. ನಮ್ಮ ವರ್ಕ್‌ಶಾಪಿಗೆ ಹೊಸದಾಗಿ ಸೇರುವ ಹುಡುಗರು ತೇಪೆ ಕಂಡ ಕೂಡಲೇ ಉಳಿ ಎತ್ತಿಕೊಳ್ಳುತ್ತಾರೆ. ತೇಪೆ ಎಂದರೆ ಕಳಪೆ ಕೆಲಸ ಎಂಬುದು ಅವರ ಲೆಕ್ಕ. ಅವರಿಗೆ ನಾನು ಮೊದಲು ತೋರಿಸುವುದು ಈಜಿಪ್ಟಿನ ಒಂದು ಶವಪೆಟ್ಟಿಗೆಯ ಚಿತ್ರಗಳನ್ನು.

ಅದು ನೆಸ್‌ಪಾವೆರ್‌ಶೆಫಿತ್ ಎಂಬಾತನದು. ಸುಮಾರು 3,000 ವರ್ಷ ಹಳೆಯದು, ಈಗ ಕೇಂಬ್ರಿಜ್‌ನ ಫಿಟ್ಸ್‌ವಿಲಿಯಂ ಮ್ಯೂಸಿಯಂನಲ್ಲಿದೆ. ಆತ ಕಾರ್ನಾಕ್ ದೇವಾಲಯದ ಕುಶಲಕರ್ಮಿಗಳ ಮೇಲ್ವಿಚಾರಕ. ಒಳ್ಳೆಯ ಕೆಲಸ ಯಾವುದೆಂದು ಬಲ್ಲವನು. ಹೊರಮೈ ತುಂಬ ದೇವತೆಗಳ ಚಿತ್ರ, ಮೇಲೆ ವಾರ್ನಿಷ್. ಸಿಟಿ ಸ್ಕ್ಯಾನ್ ಮಾಡಿದಾಗ ಒಳಗಿನ ಕಥೆ ಹೊರಬಿತ್ತು: ಅನೇಕ ತುಂಡುಗಳನ್ನು ಕೂಡಿಸಿ ಕಟ್ಟಿದ ಮೈ, ಅದರಲ್ಲಿ ಬೇರೊಂದು ಹಳೆಯ ವಸ್ತುವಿನಿಂದ ಬಿಚ್ಚಿ ತಂದ ಮರವೂ ಇದೆ. ಆ ಹಿಂದಿನ ಗೂಟಗಳ ತೂತುಗಳು ಹಾಗೆಯೇ ಉಳಿದಿವೆ. ಒಳಪೆಟ್ಟಿಗೆಯ ಮುಚ್ಚಳದಲ್ಲಿ, ವಾರ್ನಿಷ್ ಒಣಗುವ ಮೊದಲೇ ಹಿಡಿದ ಕೆಲಸಗಾರನ ಬೆರಳಚ್ಚು ಕೂಡ ಸಿಕ್ಕಿದೆ.

ಅಷ್ಟು ದೊಡ್ಡ ಮನುಷ್ಯನಿಗೂ ತುಂಡು ಮರವೇ? ಈಜಿಪ್ಟಿನಲ್ಲಿ ಉದ್ದನೆಯ ನೇರ ಹಲಗೆ ಕೊಡುವ ಮರಗಳು ತೀರಾ ಕಡಿಮೆ. ಸೀಡರ್ ಲೆಬನಾನ್‌ನಿಂದ ಹಡಗಿನಲ್ಲಿ ಬರಬೇಕಿತ್ತು. ಕೈಗೆ ಸಿಗುತ್ತಿದ್ದದ್ದು ಅತ್ತಿ ಜಾತಿಯ ಸಿಕಮೋರ್, ಟ್ಯಾಮರಿಸ್ಕ್, ಮತ್ತೆ ನಮ್ಮ ಹೊಲದ ಬದುಗಳಲ್ಲೂ ಬೆಳೆಯುವ ಕರಿಜಾಲಿ. ಕರಿಜಾಲಿ ಕೊಯ್ದವರಿಗೆ ಅದರ ಡೊಂಕು, ಗಂಟು, ಗಡಸುತನ ಗೊತ್ತು. ತುಂಡು ಕೂಡಿಸದೆ ಅದರಲ್ಲಿ ಅಗಲದ ಹಲಗೆ ಹುಟ್ಟುವುದಿಲ್ಲ. ಹೀಗಾಗಿ ಅವರ ಜಾಣ್ಮೆಯೆಲ್ಲ ಕೂಡುಗಳಲ್ಲಿ ನೆಲೆಗೊಂಡಿತು. ಕೈಯಲ್ಲಿದ್ದದ್ದು ತಾಮ್ರ, ಕಂಚಿನ ಗರಗಸ, ಬಾಚಿ, ಉಳಿ, ಬಿಲ್ಲಿನಿಂದ ತಿರುಗಿಸುವ ಬೈರಿಗೆ. ಉಜ್ಜುಗೊರಡು ಇರಲಿಲ್ಲ, ಮರಳುಗಲ್ಲಿನಿಂದ ತಿಕ್ಕಿ ನಯ ಮಾಡುತ್ತಿದ್ದರು.

ನನ್ನನ್ನು ಹೆಚ್ಚು ಬೆರಗುಗೊಳಿಸುವುದು ತುತಾಂಖಾಮನ್‌ನ ಚಿನ್ನದ ಪೆಟ್ಟಿಗೆಯಲ್ಲ. ಸಕ್ಕಾರದ ಮೆಟ್ಟಿಲು ಪಿರಮಿಡ್‌ನಲ್ಲಿ ಸಿಕ್ಕ, ಮೂರನೆಯ ರಾಜವಂಶದ ಕಾಲದ, ಎಂದರೆ ನಾಲ್ಕೂವರೆ ಸಾವಿರ ವರ್ಷಕ್ಕೂ ಹಿಂದಿನ ಶವಪೆಟ್ಟಿಗೆಯೊಂದರ ಮರ. ಅದು ಆರು ತೆಳು ಪದರಗಳದ್ದು. ಒಂದು ಪದರದ ಎಳೆ, ಅಂದರೆ ಮರದ ನಾರು ಹರಿಯುವ ದಿಕ್ಕು, ಉದ್ದಕ್ಕೆ, ಮುಂದಿನದರ ಎಳೆ ಅಡ್ಡಕ್ಕೆ. ಮರ ಯಾವ ದಿಕ್ಕಿಗೆ ಹಿಗ್ಗುತ್ತದೆ, ಎಲ್ಲಿ ಸೀಳುತ್ತದೆ ಎಂದು ತಿಳಿದವನಿಗೆ ಮಾತ್ರ ಹೊಳೆಯುವ ಉಪಾಯ. ಪ್ಲೈವುಡ್ಡನ್ನು ಅಗ್ಗದ ಸರಕು ಎಂದು ಮೂಗು ಮುರಿಯುವವರಿಗೆ ಇದನ್ನು ತಪ್ಪದೆ ಹೇಳುತ್ತೇನೆ.

ಟ್ಯೂರಿನ್‌ನ ಈಜಿಪ್ಟ್ ಮ್ಯೂಸಿಯಂನಲ್ಲಿ ಖಾ ಮತ್ತು ಮೆರಿತ್ ದಂಪತಿಯ ಸಮಾಧಿಯ ಪೀಠೋಪಕರಣಗಳಿವೆ, 1906ರಲ್ಲಿ ಈಜಿಪ್ಟಿನ ದೇರ್ ಎಲ್ ಮದೀನಾದಲ್ಲಿ ದೊರೆತವು. ಅವುಗಳಲ್ಲಿ ಕೆಲವಕ್ಕೆ ದಂತ, ಕರಿಮರ ಕೂರಿಸಿದಂತೆ ಕಾಣಲೆಂದು ಬಣ್ಣ ಬಳಿದಿದ್ದಾರೆ. ಅದನ್ನು ಮೋಸ ಎನ್ನಲು ನನಗೆ ಮನಸ್ಸಿಲ್ಲ. ಗೆರೆ ಎಳೆದ ಕೈ ಅಷ್ಟು ಸ್ಥಿರವಾಗಿದೆ.

ಈಗ ನಮ್ಮಲ್ಲಿಗೆ ಯಾವ ಪೆಟ್ಟಿಗೆ ಬಂದರೂ ಮೊದಲು ಒಳಮೈಗೆ ಓರೆಯಾಗಿ ಬೆಳಕು ಹಿಡಿದು, ಕೂಡು, ಗೂಟ, ತೂತುಗಳನ್ನೆಲ್ಲ ಗುರುತು ಹಾಕಿಕೊಳ್ಳುತ್ತೇವೆ. ತೇಪೆಯ ಎಳೆ ಮೂಲ ಹಲಗೆಯ ಎಳೆಗೆ ಹೊಂದಿ ಗಟ್ಟಿಯಾಗಿ ಕೂತಿದ್ದರೆ ಮುಟ್ಟುವುದಿಲ್ಲ. ಅಡ್ಡ ಎಳೆಯಿಂದ ಹಲಗೆ ಬಿರುಕು ಬಿಡುತ್ತಿದ್ದರೆ ಮಾತ್ರ ಬಿಡಿಸುತ್ತೇವೆ. ಬಿಡಿಸಿದ ತುಂಡಿಗೂ ಚೀಟಿ ಕಟ್ಟಿ ಗಿರಾಕಿಗೆ ಒಪ್ಪಿಸುತ್ತೇವೆ.